ಮುಚ್ಚಿಟ್ಟ ಕೇಸು

ಬೀರಸಿದ್ದಪ್ಪನ ತಲೆಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ್ದು ಕಂಡದ್ದೇ ತಡ, ಕೇದಾರಿ ಅಂಗಳದಲ್ಲೇ ನಿಂತು ಗೆದ್ದೆ ಎಂದುಕೊಂಡ. ಬೆಳಿಗ್ಗೆ ಹೊರಗೆ ಹೋಗುವಾಗ ಅದು ಇರಲಿಲ್ಲ. ಬೇವು ಕಟ್ಟಿದ ಮನೆಯೊಳಗೆ ಸಿಡುಬು ಇದೆ ಎಂದು ತಿಳಿಯಲು ಪುಣೆಯ ಪಾಠವೇನೂ ಬೇಕಿರಲಿಲ್ಲ.

ಪುಣೆಯಲ್ಲಿ ಸಾರ್ವಜನಿಕ ಆರೋಗ್ಯ ಓದುತ್ತಿದ್ದ ಅವನನ್ನು ಬೇಸಿಗೆ ಸೂಟಿಯಲ್ಲಿ ಕೆಲಸ ಕಲಿಯಲೆಂದು ಗೋಕಾಕದ ಸರಕಾರಿ ಆರೋಗ್ಯ ಕಚೇರಿಗೆ ಕಳಿಸಿದ್ದರು. "ಮಂದಿ ಮುಚ್ಚಿಟ್ಟ ಒಂದ ಕೇಸ ಹಿಡದು ತೋರ್ಸು, ನಿನ್ನ ನೌಕರಿಗೆ ನಾ ಶಿಫಾರಸ ಮಾಡ್ತೇನಿ" ಎಂದಿದ್ದರು ಅಲ್ಲಿಯ ಡಾಕ್ಟರು. ಅಂದಿನಿಂದ ಹಳ್ಳಿಯವರೆಲ್ಲ ಅವನ ಕಣ್ಣಿಗೆ ಕಳ್ಳರೇ. ಹೋದ ಅಮಾವಾಸ್ಯೆಯ ಹೊತ್ತಿಗೆ ದಡ್ಡಿ ಎಂಬ ಹಳ್ಳಿಯಲ್ಲಿ ಸಿಡುಬು ಎದ್ದಾಗ, ಹೊರಗೇ ನಿಲ್ಲು ಎಂದು ಡಾಕ್ಟರು ಹೇಳಿದರೂ ಕೇಳದೆ ಒಳನುಗ್ಗಿ, ರೋಗಿಯ ಕೌದಿ ಕಿತ್ತೆಸೆದು, ಎತ್ತಿ ಕೂರಿಸಿ ಊರಿಗೆಲ್ಲ ತೋರಿಸಿದ್ದ. ದೇವಿ ಹಾಕಿಸಿಕೊಳ್ಳಿ, ಸಿಡುಬು ಬರುವುದಿಲ್ಲ ಎಂದು ಊರೂರಲ್ಲಿ ಗಂಟಲು ಹರಿದುಕೊಳ್ಳುವ ಈ ಮಹಾಶಯ, ಕಾಲೇಜಿನಲ್ಲಿ ಆ ಲಸಿಕೆ ಚುಚ್ಚುವ ದಿನ ತಲೆನೋವೆಂದು ಕೋಣೆ ಸೇರಿಕೊಂಡಿದ್ದ. ಅದೇನಿದ್ದರೂ ಕುರಿ ಕಾಯುವವರಿಗೆ!

ಮಮದಾಪುರಕ್ಕೆ ಬಂದು ಬೀರಸಿದ್ದಪ್ಪನ ಪಡಸಾಲೆಯಲ್ಲಿ ಇಳಿದುಕೊಂಡ ಮೇಲಂತೂ ಅವನಿಗೆ ಎಲ್ಲವೂ ಹೇಸಿಗೆ. ಇಲ್ಲಿಯ ಹೊಲಸು ನೀರಿಗೆ ಜ್ವರ ಬಂದು ಸೊಂಟ ಮುರಿದಂತಾಗಿತ್ತು. ಜ್ವರ ಇಳಿಯಿತು ಅನ್ನುವಷ್ಟರಲ್ಲಿ ತಿಗಣೆಗಳು ಹಣೆ, ಅಂಗೈ ಎನ್ನದೆ ಕಡಿದು ಗುಳ್ಳೆ ಎಬ್ಬಿಸಿದ್ದವು. ಗಡ್ಡ ಹೆರೆದುಕೊಳ್ಳೋಣವೆಂದರೆ ಇವತ್ತು ಕನ್ನಡಿಯನ್ನೂ ಎತ್ತಿಟ್ಟಿದ್ದರು. ಹೊತ್ತುಕೊಂಡು ಹೋಗುತ್ತೇನೆಂದು ಹೆದರಿದರೇನೋ, ದರಿದ್ರದವರು!

"ದುಂಡವ್ವಾ!" ಎಂದು ಕೂಗಿದ.

ಬೀರಸಿದ್ದಪ್ಪನ ಹೆಂಡತಿ ಹೊರಗೆ ಬಂದು, ಅವನನ್ನು ಕಂಡು ಸೆರಗೆಳೆದುಕೊಂಡು ಕೈ ಮುಗಿದಳು.

"ಈ ಮನ್ಯಾಗ ಯಾರಿಗೆ ಬಂದೈತಿ?"

"ತಾಯಿ ಬಂದಾಳ್ರಿ. ಹೆಸರ ಹಿಡದು ಹೇಳಬಾರದು."

"ಸೊಸಿ ಎಲ್ಲಿ?"

"ಶೆಟ್ಟೆವ್ವನ್ನ ತವರಿಗೆ ಕಳಿಸೇವ್ರಿ. ಕೂಸು ಭಾಳ ಸಣ್ಣದೈತಿ."

ತವರಂತೆ ತವರು! ಕೇದಾರಿ ಒಳನುಗ್ಗಿ ಅಡುಗೆಮನೆ, ದನದ ಕೊಟ್ಟಿಗೆ, ಕಾಳಿನ ಚೀಲಗಳ ಹಿಂದು ಎಲ್ಲ ಜಾಲಾಡಿದ. ಯಾರೂ ಇಲ್ಲ. ಬಾಜೂ ಮನೆಯಲ್ಲಿ ಬಚ್ಚಿಟ್ಟಿರಬೇಕೆಂದು ಓಣಿಯ ಒಂದೊಂದೇ ಮನೆ ಹೊಕ್ಕ. ಮಕ್ಕಳನ್ನು ಎಳೆದೆಳೆದು ಮೈ ಮುಟ್ಟಿ ನೋಡಿದ. ತಾಯಂದಿರು ಗಾಬರಿಬಿದ್ದು ಮಕ್ಕಳನ್ನು ಬಿಡಿಸಿಕೊಂಡರೇ ಹೊರತು ಒಬ್ಬಳೂ ಅವನಿಗೆ ಎದುರಾಡಲಿಲ್ಲ. ಎಲ್ಲರೂ ಕೈ ಮುಗಿದರು. ಒಬ್ಬ ಮುದುಕಿ ನೆಲಕ್ಕೆ ಹಣೆ ಹಚ್ಚಿದಳು. ಸರಕಾರ ಅಂದರೆ ಎಂಥ ಭಯ ಈ ಕುರಿಮಂದಿಗೆ, ಎಂದು ಅವನಿಗೆ ನಗು ಬಂತು.

ತಿರುಗಿ ಬಂದಾಗ ದುಂಡವ್ವ ಮಜ್ಜಿಗೆ, ಅಂಬಲಿ ಇಟ್ಟು ದೂರ ಸರಿದಳು.

"ಇದೇನ ದನಕ್ಕ ಇಟ್ಟಾಂಗ! ಒಗ್ಗರಣಿ ಇಲ್ಲೇನು?"

"ತಾಯಿ ಇದ್ದಾಗ ಹಾಕಾಕ ಬರೂದಿಲ್ರಿ. ತಣ್ಣಗ ಉಣ್ರಿ. ನಮ್ಮ ಮ್ಯಾಲ ಸಿಟ್ಟ ಆಗಬ್ಯಾಡ್ರಿ."

ನಾಯಿ ಬಾಲಕ್ಕೆ ನಳಿಗೆ ಕಟ್ಟಿದರೂ ಡೊಂಕೇ ಎಂದು ಗೊಣಗುತ್ತ ಕೇದಾರಿ ಉಂಡ. ಬಾಗಿಲಲ್ಲಿ ನಿಂತಿದ್ದ ಬೀರಸಿದ್ದಪ್ಪನತ್ತ ತಿರುಗಿದ.

"ಗೋಕಾಕಕ್ಕ ಹೋಗಿ ಡಾಕ್ಟರನ್ನ ಕರ್ಕೊಂಡ ಬಾ. ನಿಮ್ಮ ಬಂಡವಾಳ ಬಯಲ ಮಾಡ್ತೇನಿ."

"ಮುಂಜಾನೇನಽ ಹೇಳಿ ಕಳಿಸೇನ್ರಿ. ಇನ್ನೇನ ಬರ್ತಾರ."

ಮುದುಕನ ಕಣ್ಣಲ್ಲಿ ನೀರಿತ್ತು. ಸುಳ್ಳ! ಕಳ್ಳ ತಾನಾಗಿ ಪೊಲೀಸರನ್ನು ಕರೆಸುತ್ತಾನೆಯೇ? ಕೇದಾರಿಗೆ ಒಂದಿಷ್ಟೂ ಕನಿಕರ ಬರಲಿಲ್ಲ.

ಆದರೆ ಹೊತ್ತು ಇಳಿಯುವ ಮೊದಲೇ ಸರಕಾರಿ ಜೀಪು ಬಂದು ನಿಂತಿತು. ಓಣಿಯ ಜನ ದೂರದಲ್ಲೇ ಗುಂಪುಗೂಡಿದರು. ಕೇದಾರಿ ಅಂಗಿ ಸರಿಮಾಡಿಕೊಂಡು ಓಡಿಹೋದ. ನೌಕರಿ ಕೈಗೆ ಬಂದೇಬಿಟ್ಟಿತ್ತು.

"ಸಾಹೇಬ್ರ, ಕೇಸ ಹಿಡದೇನ್ರಿ! ಈ ಮನ್ಯಾವ್ರು ಮುಚ್ಚಿಟ್ಟಾರ. ಎಲ್ಲಿ ಅಂತ ಬಾಯಿ ಬಿಡವಲ್ರು!"

ಡಾಕ್ಟರು ಮನೆಯ ಕಡೆ ನೋಡಲೇ ಇಲ್ಲ. ಅವನ ಗದ್ದ ಹಿಡಿದು ಮುಖವನ್ನು ಬಿಸಿಲಿಗೆ ತಿರುಗಿಸಿದರು.

"ಕೇದಾರಿ, ಇವತ್ತ ಎಷ್ಟ ಮನಿ ಹೊಕ್ಕಿ? ಎಷ್ಟ ಹುಡುಗರನ್ನ ಮುಟ್ಟಿದಿ?"