ಕಾಲು ಕಲಿತ ಮಧ್ಯಾಹ್ನ

ಕುಸುಬಿ ಎಣ್ಣೆ ಕಾಯ್ದ ವಾಸನೆ ಬಂದರೆ ಇವತ್ತಿಗೂ ನನಗೆ ಸಿಟ್ಟು ನೆತ್ತಿಗೇರುತ್ತದೆ.

ಸ್ವಾತಂತ್ರ್ಯ ಬಂದ ಮರುವರ್ಷ, ನಮ್ಮೂರು ಅಸುಂಡಿಯಲ್ಲಿ, ಜ್ವರ ಬಿಟ್ಟ ಮೇಲೆ ನನ್ನ ಬಲಗಾಲು ನಡೆಯುವುದನ್ನೇ ಮರೆತಿತ್ತು. ಅಜ್ಜಿ ಕಾಲಿಗೆ ಬಿಸಿ ಎಣ್ಣೆ ತಿಕ್ಕಿ, ಹೊಲದ ಬದುವಿನ ಮೇಲೆ ನಿಲ್ಲಿಸಿ ಕೈಬಿಡುತ್ತಿದ್ದಳು.

"ಕಾಲ ನೋಡಬ್ಯಾಡ, ಮುಂದ ನೋಡು. ಕಾಲು ತಾನ ಕಲೀತೈತಿ."

ನಾನು ಕಾಲನ್ನೇ ನೋಡಿ ಎರೆಮಣ್ಣಿನ ಹೆಂಟೆಗಳ ಮೇಲೆ ಬೀಳುತ್ತಿದ್ದೆ. ಅವಳು ಎತ್ತುತ್ತಿರಲಿಲ್ಲ.

ಅವತ್ತು ಮಧ್ಯಾಹ್ನವೂ ಬಿದ್ದಿದ್ದೆ. ಬದುವಿನ ಆ ತುದಿಯಿಂದ ಅಜ್ಜಿಯ ಕಿರಿಮಗ, ನನ್ನ ಕಾಕಾ, ಕೂಗಿದ: "ಬಿಡವ್ವಾ, ಆ ಕುಂಟಿನ್ನ ಯಾರ ಮಾಡ್ಕೋತಾರ? ಮೂಲ್ಯಾಗ ಕುಂಡ್ರಸು."

ಕೈಗೆ ಸಿಕ್ಕ ಹೆಂಟೆ ಹಿಡಿದು ಎದ್ದೆ. ಅವನ ಮುಖವೊಂದೇ ಕಾಣುತ್ತಿತ್ತು. ಹತ್ತಿರ ಹೋಗಿ ಎದೆಗೆ ಒಗೆದ ಮೇಲೇ ತಿಳಿದದ್ದು, ಇಡೀ ಬದು ಬೀಳದೆ ನಡೆದು ಬಂದಿದ್ದೆ.

ಕಾಕಾ ಅಂಗಿಯ ಮಣ್ಣು ಕೊಡವಿಕೊಂಡ. ಹಿಂದಿನಿಂದ ಅಜ್ಜಿಯ ದನಿ ಬಂತು: "ಇನ್ನೊಮ್ಮಿ ಬಯ್ಯೋ ತಮ್ಮಾ, ಬಾಂವಿ ತನಕಾ ನಡೀತಾಳ."