ಕಾಗೆ ಎಂಜಲು ಮಾಡದ ಚಾಕಲೇಟು

ಯಾರಾದರೂ ಚಾಕಲೇಟಿನ ಬೆಳ್ಳಿ ಕಾಗದ ಬಿಡಿಸಿದರೆ, ಆ ವಾಸನೆಗೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಪರೇಲಿನಲ್ಲಿ ಇನ್ನೂ ಟ್ರಾಮು ಓಡುತ್ತಿದ್ದ ಕಾಲ. ಒಂದೊಂದೇ ಕೋಣೆಯ ಖೋಲಿಗಳಿದ್ದ ನಮ್ಮ ಚಾಳಿನಲ್ಲಿ ಪಕ್ಕದ ಖೋಲಿಯ ವತ್ಸಲಳ ಅಪ್ಪ ಅಮೆರಿಕದ ಸಾಹೇಬರೊಬ್ಬರ ಮನೆಯಲ್ಲಿ ಅಡುಗೆಗಿದ್ದರು. ಒಂದು ಮಧ್ಯಾಹ್ನ ಅವಳು ಅಲ್ಲಿಂದ ಬಂದ ಚಾಕಲೇಟನ್ನು ಖೋಲಿಗಳ ಮುಂದಿನ ಗ್ಯಾಲರಿಯಲ್ಲಿ ನಿಂತು ತಿನ್ನುತ್ತಿದ್ದಳು. ನಾವು ಮಕ್ಕಳು ಏನು ಸಿಕ್ಕರೂ ಅಂಗಿಯ ಅಂಚಿನಲ್ಲಿ ಸುತ್ತಿ, ಬಟ್ಟೆಯ ಮೇಲಿಂದ ಕಚ್ಚಿ, ಕಾಗೆ ಎಂಜಲು ಮಾಡಿ ಹಂಚಿಕೊಳ್ಳುತ್ತಿದ್ದೆವು. ನಾನು ಕೈ ಚಾಚಿದೆ.

"ಸಾಹೇಬರಲ್ಲಿ ಹಾಗೆಲ್ಲ ಇಲ್ಲ ಮಾರಾಯ್ತಿ. ಅವರ ಮಗಳದ್ದು ಅವಳಿಗೇ. ಅವಳಿಗೆ ಬೇರೆ ಕೋಣೆಯೇ ಉಂಟು," ಎಂದು ವತ್ಸಲ ಕೊನೆಯ ತುಂಡನ್ನೂ ಬಾಯಿಗೆ ಹಾಕಿಕೊಂಡಳು.

ಅಮ್ಮನಿಗೆ ದೂರಿದೆ. "ಒಬ್ಬಳೇ ತಿಂದದ್ದು ಮೈಗೆ ಹತ್ತುವುದಿಲ್ಲ, ಬಿಡು," ಎಂದಳು. ವತ್ಸಲಳ ಕೆನ್ನೆಗಳು ನನ್ನವಕ್ಕಿಂತ ತುಂಬಿಕೊಂಡಿದ್ದವು. ನಾವು ಆರು ಜನರಿಗೆ ಇದ್ದದ್ದು ಒಂದೇ ಖೋಲಿ. ನಾನು ಕಂಡೇ ಇರದ ಆ ಸಾಹೇಬರ ಮಗಳ ಮೇಲೆ, ಅವಳ ಕೋಣೆಯ ಬಾಗಿಲಿನ ಮೇಲೆ ನನಗೆ ತಡೆಯಲಾರದ ಹೊಟ್ಟೆಕಿಚ್ಚು.

ಸಂಜೆ ಅಪ್ಪ ತಂದ ಚಿಕ್ಕಿಯಲ್ಲಿ ಎಳ್ಳಿನದು ನನಗೆ, ನೆಲಗಡಲೆಯದು ತಮ್ಮನಿಗೆ ಬಂತು. ಯಾವಾಗಲೂ ನಾವು ಅರ್ಧರ್ಧ ಬದಲಾಯಿಸಿಕೊಳ್ಳುತ್ತಿದ್ದೆವು. ಅವತ್ತು ನಾನು ನೀರಿನ ಪೀಪಾಯಿಯ ಹಿಂದೆ ಕೂತು, ನನ್ನದನ್ನು ಪೂರ್ತಿ ತಿಂದು, ಬಾಯಿ ಒರೆಸಿಕೊಂಡು ಬಂದೆ.

ತಮ್ಮ ಹೊಸ್ತಿಲಲ್ಲೇ ಕಾಯುತ್ತಿದ್ದ. ಅವನ ಅಂಗಿಯ ಅಂಚು ಒದ್ದೆಯಾಗಿ ಮುದುಡಿತ್ತು.

"ತಕೋ ಅಕ್ಕ, ದೊಡ್ಡ ತುಂಡು ನಿನಗೇ ಇಟ್ಟಿದ್ದೇನೆ," ಎಂದ.

ಅದನ್ನೂ ತಿಂದೆ. ಅವನು ನನ್ನ ಇನ್ನೊಂದು ಕೈಯನ್ನೇ ನೋಡುತ್ತಿದ್ದ.