ಊಟದ ಮೇಜಿನ ಮೇಲಿನ ಯುದ್ಧನೌಕೆ

"ರೀ, ಕೈ ಮುಗಿದು ಕೇಳ್ಕೋತೀನಿ. ಇವತ್ತೊಂದು ದಿನ ವಿಲ್ಫ್ರೆಡ್ ಅವರ ಮುಂದೆ ಆ ಹಡಗಿನ ಸುದ್ದಿ ಎತ್ತಬೇಡಿ," ಎಂದಳು ಹೇಮಲತಾ, ಬಿಸಿಬೇಳೆಬಾತಿಗೆ ಒಗ್ಗರಣೆ ಸುರಿಯುತ್ತಾ.

"ನಾನ್ಯಾಕೆ ಎತ್ತಲಿ?" ಎಂದ ಗಂಡ ಭೈರಪ್ಪ, ಹಡಗಿನ ಹಾಯಿಯ ದೂಳು ಊದುತ್ತಾ.

ಹೇಮಲತಾಳಿಗೆ ಮೈ ಉರಿಯಿತು. ಹದಿನೆಂಟನೇ ಶತಮಾನದ 'ಫೇತ್‌ಫುಲ್' ಅಂತೆ, ಇಂಗ್ಲೆಂಡಿನ ಯುದ್ಧನೌಕೆಯಂತೆ! ಅದರ ಮರದ ಮಾದರಿ ಗಲ್ಫಿನ ಅಲ್ ವುಕೈರ್ ಎಂಬ ಊರಿನ ಈ ಪುಟ್ಟ ಫ್ಲಾಟಿನ ಊಟದ ಮೇಜನ್ನು ನುಂಗಿ ಮೂರು ವರ್ಷವಾಗಿತ್ತು. ಮನೆಯವರೆಲ್ಲ ನೆಲದ ಮೇಲೆ ಕೂತು ಉಣ್ಣಬೇಕು. ಹಡಗು ಎಂದು ನೀರಿಗಿಳಿಯಿತು, ಎಲ್ಲೆಲ್ಲಿ ಕಾದಾಡಿತು ಎಂದು ಬಂದವರಿಗೆಲ್ಲ ಇಸವಿ ಸಮೇತ ಒದರುವ ಈ ಮಹಾರಾಯನಿಗೆ ತನ್ನ ಬಯೋಡೇಟಾ ಬರೆಯಲು ಮಾತ್ರ ಪುರುಸೊತ್ತಿಲ್ಲ. ಫುಟ್‌ಬಾಲ್ ವಿಶ್ವಕಪ್ ಮುಗಿದಿತ್ತು. ಸ್ಟೇಡಿಯಂ ಕಟ್ಟಿದ ಕಂಪನಿ ತಿಂಗಳ ಕೊನೆಗೆ ಕೆಲಸ ಖಲಾಸ್ ಎಂದಿತ್ತು. ವೀಸಾ ಹೋದರೆ ಮಗಳು ಗಗನಾ ಹನ್ನೆರಡನೇ ಕ್ಲಾಸಿನ ಪರೀಕ್ಷೆ ಎಲ್ಲಿ ಬರೆಯಬೇಕು? ಪಕ್ಕದ ಬಿಲ್ಡಿಂಗಿನ ವಿಲ್ಫ್ರೆಡ್ ದೊಡ್ಡ ಕಂಪನಿಯ ಎಚ್‌ಆರ್. ಅವನೊಬ್ಬ ಮನಸ್ಸು ಮಾಡಿದರೆ ಸಾಕಿತ್ತು.

ವಿಲ್ಫ್ರೆಡ್ ಬಂದ, ಕ್ರಿಸ್‌ಮಸ್ ಕುಸ್ವಾರಿನ ತಿಂಡಿಗಳ ದೊಡ್ಡ ಡಬ್ಬಿ ಹಿಡಿದು. ಒಳಗೆ ಕಾಲಿಟ್ಟವನೇ, "ಅಬ್ಬಾ, ಎಂತ ಮಾರಾಯ್ರೇ ಇದು!" ಎಂದ. ಮುಗಿಯಿತು ಕಥೆ. ಭೈರಪ್ಪನಿಗೆ ಅಷ್ಟೇ ಸಾಕಾಯಿತು.

ಚಾಪೆ ಹಾಸಿ ಬಡಿಸಿದರೂ ಅವನ ಬಾಯಿ ನಿಲ್ಲಲಿಲ್ಲ. ಹೇಮಲತಾ ಕೆಮ್ಮಿದಳು, ಕಣ್ಣು ಬಿಟ್ಟಳು, ಹಪ್ಪಳದ ತಟ್ಟೆಯನ್ನು ಕುಕ್ಕಿದಳು. ಕಡೆಗೆ ತಾನೇ ನಡುವೆ ಬಾಯಿ ಹಾಕಿ, "ಇವರ ಪ್ರಾಜೆಕ್ಟೂ ಮುಗೀತು, ವಿಲ್ಫ್ರೆಡ್..." ಎಂದಳು.

"ಹಾಂ, ಹಾಗೇ ಸಾವಿರದ ಏಳುನೂರ ಎಂಬತ್ತಮೂರರಲ್ಲಿ ಯುದ್ಧಾನೂ ಮುಗೀತು!" ಎಂದ ಪುಣ್ಯಾತ್ಮ. "ಕಂಬ, ಫಿರಂಗಿ ಎಲ್ಲ ಬಿಚ್ಚಿದ್ರು. ಜನರನ್ನ ಮನೆಗೆ ಕಳಿಸಿದ್ರು. ಅಷ್ಟು ದುಡಿದ ಹಡಗನ್ನ ತಗೊಂಡು ಹೋಗಿ ನದಿ ಮೂಲೇಲಿ ಕಟ್ಟಿಹಾಕಿದ್ರು."

ವಿಲ್ಫ್ರೆಡ್ ಚಮಚ ಕೆಳಗಿಟ್ಟ. "ಕ್ಯಾಪ್ಟನ್‌ದು ಎಂತ ಆಯ್ತು?"

"ಅವನೂ ದಡಕ್ಕೆ. ಕಂಡ ಕಂಡ ಬಾಗಿಲಿಗೆ ಹೋಗಿ, ಇನ್ನೊಂದು ಹಡಗು ಕೊಡಿ ಅಂತ ಕೈ ಒಡ್ಡಬೇಕಿತ್ತು."

"ಸಾಕು ಮಾಡ್ರೀ!" ಹೇಮಲತಾಳ ತಾಳ್ಮೆ ಕಿತ್ತುಹೋಯಿತು. "ನಾಚಿಕೆ ಬಿಟ್ಟು ನಾನೇ ಹೇಳ್ತೀನಿ ವಿಲ್ಫ್ರೆಡ್. ತಿಂಗಳ ಕೊನೆಗೆ ಇವರ ಕೆಲಸ ಹೋಗ್ತಿದೆ. ನಿಮ್ಮ ಕಂಪನೀಲಿ ಏನಾದ್ರೂ ಕೊಡಿಸಿ. ಮಗಳ ಪರೀಕ್ಷೆ ಮುಗಿಯೋವರೆಗಾದ್ರೂ ನಾವು ಇಲ್ಲಿರಬೇಕು."

ವಿಲ್ಫ್ರೆಡ್ ತಟ್ಟೆಯನ್ನೇ ನೋಡುತ್ತಿದ್ದ.

"ನಮ್ಮಲ್ಲೂ ಜನರನ್ನ ಕೆಲಸದಿಂದ ತೆಗೀತಿದ್ದಾರೆ, ಎಲ್ಲರ ಲೆಟರ್‌ಗೂ ನಾನೇ ಸೈನ್ ಹಾಕಿದ್ದು ಅಕ್ಕಾ," ಎಂದ. "ಗುರುವಾರ ನನ್ನ ಕೈಗೂ ಒಂದು ಕೊಟ್ರು. ಭೈರಪ್ಪರದ್ದು ಸ್ಟೇಡಿಯಂ ಕಂಪನಿ ಅಲ್ವಾ, ಅಲ್ಲಿ ಎಂತಾದ್ರೂ ಉಂಟಾ ಅಂತ ಕೇಳ್ಲಿಕ್ಕೇ ನಾನು ಬಂದದ್ದು."

ಅಷ್ಟು ದೊಡ್ಡ ಡಬ್ಬಿ ಏಕೆ ಬಂತೆಂದು ಹೇಮಲತಾಳಿಗೆ ಈಗ ತಿಳಿಯಿತು. ಇಷ್ಟು ಹೊತ್ತು ಕುದಿಯುತ್ತಿದ್ದ ಸಿಟ್ಟನ್ನು ಯಾರ ಮೇಲೆ ಸುರಿಯಬೇಕೋ ತೋಚಲಿಲ್ಲ. ಮೇಜಿನ ಮೇಲೆ, ಎಲ್ಲ ಹಾಯಿಗಳನ್ನೂ ಬಿಚ್ಚಿಕೊಂಡು ಹಡಗು ನಿಂತಿತ್ತು. ಮೂರು ವರ್ಷದಲ್ಲಿ ಮೊದಲ ಸಲ ಅವಳು ಅದರ ಸುದ್ದಿ ತಾನಾಗಿ ಕೇಳಿದಳು.

"ರೀ, ಆ ಹಡಗನ್ನ... ಮತ್ತೆ ಕರೆದ್ರಾ?"

"ಹೂಂ, ಕರೆದ್ರು. ಮತ್ತೆ ಯುದ್ಧ ಬಂತಲ್ಲ."

"ಎಷ್ಟು ದಿನದ ಮೇಲೆ?"

ವಿಲ್ಫ್ರೆಡ್ ಕೂಡ ತಲೆಯೆತ್ತಿ ನೋಡಿದ. ಇಸವಿಗಳನ್ನೆಲ್ಲ ನಾಲಿಗೆ ತುದಿಯಲ್ಲಿ ಇಟ್ಟುಕೊಂಡಿದ್ದ ಭೈರಪ್ಪ ಒಬ್ಬೊಬ್ಬರ ಮುಖವನ್ನೂ ನೋಡಿ, ಬಾಯಿಗೆ ಬಂದ 'ಹತ್ತು ವರ್ಷ'ವನ್ನು ನುಂಗಿಕೊಂಡು ಸೌಟು ಕೈಗೆತ್ತಿಕೊಂಡ.

"ಇನ್ನೊಂಚೂರು ಬಾತ್ ಹಾಕಿಸ್ಕೊಳ್ಳಿ, ವಿಲ್ಫ್ರೆಡ್."